ಮೋನೋ ಕ್ಯಾಸೆಟ್ಟು, ಮುರಕಲ್ಲು ಮತ್ತು ನಮ್ಮ ಮನೆಯ ಸ್ಟೀರಿಯೋ

ಅಪ್ಪ ಹವ್ಯಾಸಿ ಅರ್ಥಧಾರಿ, ಅಂದರೆ ವೇಷ ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನವಾದ ತಾಳಮದ್ದಲೆಯಲ್ಲಿ ಪಾತ್ರದ ಮಾತು ಆಡುವವರು. ಉಡುಪಿ ಬದಿಯ ಕಾಪು, ಕಟಪಾಡಿ, ಉದ್ಯಾವರದ ಆಸುಪಾಸಿನಲ್ಲಿ ಎಲ್ಲಿ ತಾಳಮದ್ದಲೆ ನಡೆದರೂ ಹೆಗಲಿಗೆ ಟೇಪ್ ರೆಕಾರ್ಡರ್ ಏರಿಸಿಕೊಂಡು ಹೊರಡುತ್ತಿದ್ದ ಕಾಲವೊಂದಿತ್ತು. ಮಸ್ಕತ್ತಿನಲ್ಲಿದ್ದ ಸೋದರಮಾವ ತಂದುಕೊಟ್ಟ ಒಂಟಿ ಸ್ಪೀಕರಿನ ಮೋನೋ ಸೆಟ್ಟು ಅದು, ಎಡ ಬಲ ಎಂಬ ಭೇದವಿಲ್ಲದೆ ಒಂದೇ ಸ್ವರವಾಗಿ ಹಿಡಿಯುವಂಥದ್ದು. ಹಾಗೆ ಕೂಡಿಬಿದ್ದ 140 ಕ್ಯಾಸೆಟ್ಟುಗಳು ಬಿಸ್ಕತ್ತಿನ ತಗಡಿನ ಡಬ್ಬಗಳಲ್ಲಿ ಅಟ್ಟದ ಮೇಲೆ ಕೂತಿದ್ದವು. ನಾನು ಮೊಬೈಲಿನಲ್ಲಿ ಯಕ್ಷಗಾನ ಹಾಕಿದಾಗಲೆಲ್ಲ ಅಪ್ಪ, "ಚೆಂಡೆ ಅಲ್ಲ ಮಾರಾಯ ಇದು, ತಗಡು ಬಡಿದ ಹಾಗೆ ಉಂಟು" ಎಂದು ಮುಖ ತಿರುಗಿಸುತ್ತಿದ್ದರು. ಸರಿಯಾದ ಒಂದು ಸ್ಟೀರಿಯೋ ಮಾಡಬೇಕೆಂಬ ಹುಳ ನನ್ನ ತಲೆಗೆ ಹೊಕ್ಕದ್ದು ಹೀಗೆ. ಹೆಂಡತಿ ಮನೆಖರ್ಚಿನ ಪುಸ್ತಕ ನೋಡಿ 15,000 ರೂಪಾಯಿ ಎಂದಳು. "ಅದರ ಮೇಲೆ ಒಂದು ರೂಪಾಯಿ ಕೇಳ್ಬೇಡಿ."

ಮೊದಲು ಹೋದದ್ದು ಮಂಗಳೂರಿನ ಹಂಪನಕಟ್ಟೆಗೆ. ಒಂದು ಅಂಗಡಿಯವ 5.1 ಹೋಂ ಥಿಯೇಟರ್ ತೋರಿಸಿದ. ಪೆಟ್ಟಿಗೆಯ ಮೇಲೆ ಬೆಂಕಿಯ ಚಿತ್ರದ ನಡುವೆ 8,000 ವ್ಯಾಟ್ ಪಿಎಂಪಿಒ ಎಂದು ಅಚ್ಚಾಗಿತ್ತು. ತಿರುಗಿಸಿ ಹಿಂದಿನ ಪಟ್ಟಿ ನೋಡಿದರೆ ವಿದ್ಯುತ್ ಬಳಕೆ 60 ವ್ಯಾಟ್! 60 ತಿಂದು 8,000 ಕೊಡುವ ಹಸು ಇದ್ದಿದ್ದರೆ ನಮ್ಮೂರ ಹಾಲಿನ ಸೊಸೈಟಿಗೇ ಕಟ್ಟಿಬಿಡುತ್ತಿದ್ದೆ. ಒಂದು ಕ್ಷಣಕ್ಕೆ ಕೊಡಬಲ್ಲ ಗರಿಷ್ಠ ಶಕ್ತಿ ಎಂದು ಹೇಳಿಕೊಳ್ಳುವ ಈ ಪಿಎಂಪಿಒ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ, ಬರೆದದ್ದೇ ಲೆಕ್ಕ. ನೋಡಬೇಕಾದ್ದು ಬಿಡದೆ ಕೊಡಬಲ್ಲ ಶಕ್ತಿಯಾದ ಆರ್‌ಎಂಎಸ್ ವ್ಯಾಟ್.

ಅದೂ ಎಷ್ಟು ಬೇಕು? ಸ್ಪೀಕರಿಗೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಕೇಳುತ್ತದೆ ಎಂಬುದು ಅದರ ಸೆನ್ಸಿಟಿವಿಟಿ. ನಾನು ಕೊನೆಗೆ ಕೊಂಡ ಜೋಡಿಗೆ ಅದು 88. ವ್ಯಾಟ್ ಎರಡರಷ್ಟಾದರೆ ಏರುವುದು ಬರೀ 3 ಡೆಸಿಬೆಲ್. ಅಂದರೆ 16 ವ್ಯಾಟಿಗೆ 100 ಡೆಸಿಬೆಲ್. ನಮ್ಮ ಚಾವಡಿಯಲ್ಲಿ ಅಷ್ಟು ಸದ್ದು ಎದ್ದರೆ ಆಚೆಮನೆಯವರು ಯಕ್ಷಗಾನದ ಆಟ ಎಲ್ಲಿ ಎಂದು ಕೇಳಿಕೊಂಡು ಬರುತ್ತಾರೆ. ಹಾಗಾಗಿ ವ್ಯಾಟಿನ ಆಸೆ ಬಿಟ್ಟು ದುಡ್ಡಿನ ದೊಡ್ಡ ಪಾಲು ಸ್ಪೀಕರಿಗೆ ಎಂದು ನಿಶ್ಚಯಿಸಿದೆ.

ಹಳೆಯ ಸ್ಪೀಕರು ಹುಡುಕುವವರಿಗೆ ಮಣಿಪಾಲದಂಥ ಜಾಗ ಇನ್ನೊಂದಿಲ್ಲ. ಓದು ಮುಗಿಸಿದ ಮಕ್ಕಳು ರೂಮು ಖಾಲಿ ಮಾಡುವಾಗ ಡೆಲ್ಲಿಗೋ ಕೋಲ್ಕತ್ತಕ್ಕೋ ಹೊತ್ತುಕೊಂಡು ಹೋಗಲಾಗದ್ದನ್ನೆಲ್ಲ ಸಿಕ್ಕಿದ ಬೆಲೆಗೆ ಕೊಡುತ್ತಾರೆ. ಅಂಥ ಒಬ್ಬ ಹುಡುಗನ ಹತ್ತಿರ ತಗ್ಗು ಸ್ವರ ನುಡಿಸುವ ಆರೂವರೆ ಇಂಚಿನ ವೂಫರಿನ, 8 ಓಮ್‌ನ ಬುಕ್‌ಶೆಲ್ಫ್ ಜೋಡಿ ಸಿಕ್ಕಿತು. ಹೇಳಿದ್ದು ಎಂಟು ಸಾವಿರ. ಕಿಸೆಯಲ್ಲಿ ಮಲ್ಟಿಮೀಟರ್, ಒಂದು ಪೆನ್ಸಿಲ್ ಸೆಲ್, ಸ್ವಲ್ಪ ವೈರು ಇಟ್ಟುಕೊಂಡೇ ಹೋಗಿದ್ದೆ. 8 ಓಮ್ ಎಂದು ಬರೆದದ್ದು ಮೀಟರಿನಲ್ಲಿ ಸುಮಾರು 6 ತೋರಿಸಿದರೆ ಒಳಗಿನ ತಂತಿಸುರುಳಿ, ಅಂದರೆ ಕಾಯಿಲ್, ಆರೋಗ್ಯವಾಗಿದೆ ಎಂದರ್ಥ. ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ ಅಥವಾ ಒಳಗೆ ವೈರು ಬಿಟ್ಟಿದೆ. ಆಮೇಲೆ ಎರಡೂ ಕೈಯ ಬೆರಳಿನಿಂದ, ಅದುರಿ ಸದ್ದು ಮಾಡುವ ಕೋನನ್ನು ಸಮವಾಗಿ, ಮೆಲ್ಲಗೆ ಒಳಗೆ ಒತ್ತಿದೆ. ಕರಕರ ಎನ್ನಲಿಲ್ಲ. ಆದರೆ ಅಂಚಿನ ಫೋಮಿಗೆ ಬೆರಳು ತಾಗಿದ್ದೇ ತಡ, ಹಳೇ ಹಪ್ಪಳದ ಹಾಗೆ ಪುಡಿಯಾಯಿತು. ಕಡಲ ಬದಿಯ ಈ ಹವೆಯಲ್ಲಿ ಫೋಮು ಬಾಳುವುದಿಲ್ಲ. ಕೊಳ್ಳುವುದಾದರೆ ರಬ್ಬರ್ ಅಂಚಿನದ್ದನ್ನೇ ನೋಡಿಕೊಳ್ಳಬೇಕು. ಹುಡುಗನ ಮುಖ ಸಣ್ಣಗಾಯಿತು, ಬೆಲೆ ಆರು ಸಾವಿರಕ್ಕೆ ಇಳಿಯಿತು. ನನಗೆ ಒಳಗೊಳಗೇ ಖುಷಿ, ಏಕೆಂದರೆ ಅಂಚು ಬದಲಿಸುವುದು ಮನೆಯಲ್ಲೇ ಆಗುವ ಕೆಲಸ.

ಆಗುವ ಕೆಲಸ ಹೌದು, ಆದರೆ ಒಂದು ಸಲಕ್ಕೆ ಆಗಲಿಲ್ಲ. ಆರೂವರೆ ಇಂಚು ಎಂದಷ್ಟೇ ಹೇಳಿ ತರಿಸಿದ ರಬ್ಬರ್ ಬಳೆ ಕೂರಲೇ ಇಲ್ಲ. ಕೋನಿನ ಹೊರ ಅಳತೆ, ಚೌಕಟ್ಟಿನ ಒಳ ಅಳತೆ, ಎರಡನ್ನೂ ಮಿಲಿಮೀಟರಿನಲ್ಲಿ ಕೊಟ್ಟು ಮತ್ತೆ ತರಿಸಬೇಕಾಯಿತು. ಹಳೆಯ ಗೋಂದನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ಕೆರೆಯುವುದಕ್ಕೆ ಒಂದು ಭಾನುವಾರ ಹೋಯಿತು. ಬಳೆಯನ್ನು ಮೊದಲು ಕೋನಿಗೆ ಅಂಟಿಸಿ ಒಣಗಿಸಿ, ಆಮೇಲೆ ಚೌಕಟ್ಟಿಗೆ ಅಂಟಿಸುವಾಗ ಕೋನು ನಡುವಿನಲ್ಲೇ ನಿಂತಿರಬೇಕು. ಕೂದಲೆಳೆಯಷ್ಟು ಸರಿದರೂ ಕಾಯಿಲ್ ಅಯಸ್ಕಾಂತಕ್ಕೆ ಉಜ್ಜುತ್ತದೆ. ನಾನು ಮಾಡಿದ್ದು ಇಷ್ಟು: ಗೋಂದು ಹಸಿಯಿರುವಾಗಲೇ ಮೊಬೈಲಿನಿಂದ 30 ಹರ್ಟ್ಸ್‌ನ ಸ್ವರವನ್ನು ತೀರಾ ಸಣ್ಣದಾಗಿ ಹರಿಸಿ, ಕಿವಿ ಹತ್ತಿರ ಹಿಡಿದು, ಉಜ್ಜುವ ಸದ್ದು ನಿಲ್ಲುವ ತನಕ ಬಳೆಯನ್ನು ಅತ್ತಿತ್ತ ಸರಿಸಿದೆ. ಫೋಮಿಗಿಂತ ರಬ್ಬರ್ ಸ್ವಲ್ಪ ಬಿಗಿ, ಹಾಗಾಗಿ ಬೇಸ್ ಎಳ್ಳಷ್ಟು ಕಡಿಮೆಯಾದೀತು. ಮದ್ದಲೆಯ ಗುಂಕಾರಕ್ಕೆ ಏನೂ ಕೊರತೆಯಾಗಲಿಲ್ಲ. ಎರಡು ಸಲದ ಬಳೆ, ಗೋಂದು, ಎಲ್ಲ ಸೇರಿ 900 ರೂಪಾಯಿ.

ಆಂಪ್ಲಿಫೈಯರ್ ಎಂದು ಕೊಂಡದ್ದು ಅಂಗೈ ಅಗಲದ, ಹೆಚ್ಚು ಬಿಸಿಯಾಗದ ಕ್ಲಾಸ್ ಡಿ ಜಾತಿಯ ಪೆಟ್ಟಿಗೆ, ಒಳಗೆ ಟಿಪಿಎ 3116 ಚಿಪ್ಪು, 2,400 ರೂಪಾಯಿ. ಜೊತೆಗೆ ಬಂದ ಅಡಾಪ್ಟರ್ 12 ವೋಲ್ಟಿನದ್ದು. ಡಬ್ಬದ ಮೇಲೆ ಬರೆದದ್ದು ಮಾತ್ರ 100 ಮತ್ತು 100 ವ್ಯಾಟ್! ಲೆಕ್ಕ ಸುಲಭ. ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ, ಸ್ಪೀಕರಿನ ಓಮ್‌ನ ಎರಡರಷ್ಟರಿಂದ ಭಾಗಿಸಿ. 144 ಭಾಗ 16, ಹೆಚ್ಚೆಂದರೆ 9 ವ್ಯಾಟ್. ಈ ಚಿಪ್ಪು 26 ವೋಲ್ಟಿನ ತನಕ ತಡೆದುಕೊಳ್ಳುತ್ತದೆ. ಮನೆಯಲ್ಲಿ ಸತ್ತುಹೋದ ಲ್ಯಾಪ್‌ಟಾಪಿನ 19 ವೋಲ್ಟಿನ ಚಾರ್ಜರ್ ಬಿದ್ದಿತ್ತು. ಪಿನ್ ಬದಲಿಸಿ ಸಿಕ್ಕಿಸಿದೆ. ಅದೇ ಲೆಕ್ಕದಲ್ಲಿ 22 ವ್ಯಾಟ್ ಆಯಿತು, ಖರ್ಚು ಸೊನ್ನೆ. ಪಿನ್ನಿನ ಪ್ಲಸ್ ಮೈನಸ್ ಅದಲು ಬದಲಾದರೆ ಮಾತ್ರ ಪೆಟ್ಟಿಗೆ ಗುಜರಿಗೇ ಸರಿ. ಇಂಥ ಆಂಪ್ಲಿಫೈಯರಿನಲ್ಲಿ ಎರಡು ಸ್ಪೀಕರುಗಳ ಕಪ್ಪು ವೈರುಗಳನ್ನು ಎಲ್ಲೂ ಒಂದಕ್ಕೊಂದು ಸೇರಿಸಬಾರದು ಎಂಬುದೂ ನೆನಪಿರಲಿ.

ವೈರಿನ ವಿಷಯ ಎರಡು ಮಾತಿನಲ್ಲಿ ಮುಗಿಯುತ್ತದೆ. ಮನೆಗೆ ವಯರಿಂಗ್ ಮಾಡುವ 1.5 ಚದರ ಮಿಲಿಮೀಟರಿನ ತಾಮ್ರದ ವೈರು, 450 ರೂಪಾಯಿ. ಚಿನ್ನದ ಲೇಪ ಎಂದು ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಿ. ಮೊಬೈಲಿನ ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಬೇಕಾದ ವಿದ್ಯುತ್ ಸ್ವರವಾಗಿಸುವ ಒಂದು ಸಣ್ಣ ಯುಎಸ್‌ಬಿ ಡಿಎಸಿ, 1,700.

ಕ್ಯಾಸೆಟ್ ಡೆಕ್ ಸಿಕ್ಕಿದ್ದು ಗುಜರಿ ಅಂಗಡಿಯಲ್ಲಿ. "ಓಡುದಿಲ್ಲ ಅಣ್ಣ, ನೋಡಿ ತಗೊಳ್ಳಿ" ಎಂದು ಅವನೇ ಹೇಳಿದ. ಪಾಪದವ. 2,000 ಕೊಟ್ಟು ತಂದು ಬಿಚ್ಚಿದರೆ ಬೆಲ್ಟುಗಳು ಕರಗಿ ಡಾಂಬರಾಗಿದ್ದವು. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಒರೆಸಿ ನನ್ನ ಕೈ ಮೂರು ದಿನ ಕಪ್ಪು. 250 ರೂಪಾಯಿಯ ಹೊಸ ಬೆಲ್ಟು ಹಾಕಿದ ಮೇಲೆ ಓಡಿತು, ಓಡಿದ್ದು ಸ್ವಲ್ಪ ಹೆಚ್ಚೇ. ಹಾಡುಗಾರರಾದ ಭಾಗವತರ ಪದ ಶುರುವಾದ ಕೂಡಲೇ ಅಪ್ಪ ಒಳಗಿನಿಂದ, "ಶ್ರುತಿ ಏರಿದೆಯಲ್ಲ, ಇವರದ್ದು ಇಷ್ಟು ಮೇಲೆ ಅಲ್ಲ" ಎಂದು ಕೂಗಿದರು. ಮೋಟಾರಿನ ಬೆನ್ನಲ್ಲಿರುವ ತೂತಿನೊಳಗೆ ವೇಗ ಹೆಚ್ಚುಕಡಿಮೆ ಮಾಡುವ ಸಣ್ಣ ಸ್ಕ್ರೂ ಇರುತ್ತದೆ. ಅಪ್ಪ ಹಾರ್ಮೋನಿಯಂ ಹಿಡಿದು ಕೂತರು, ನಾನು ಸ್ಕ್ರೂ ತಿರುಗಿಸಿದೆ.

ಇನ್ನೊಂದು ಸ್ಕ್ರೂ ಟೇಪನ್ನು ಓದುವ ಹೆಡ್ಡಿನ ಪಕ್ಕದಲ್ಲಿದೆ. ಹೆಡ್ಡಿನ ಓರೆಯನ್ನು ಸರಿಮಾಡುವಂಥದ್ದು. ಅಪ್ಪನ ಕ್ಯಾಸೆಟ್ಟುಗಳೆಲ್ಲ ಮೋನೋ ಆದ್ದರಿಂದ ಇಲ್ಲಿ ಒಂದು ಉಪಾಯ ಉಂಟು. ಎಡ ಬಲ ಎರಡನ್ನೂ ಕೂಡಿಸಿ ಕೇಳುತ್ತ ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಹೆಡ್ಡು ಓರೆಯಿದ್ದರೆ ಎರಡು ಬದಿಯ ಸ್ವರ ಹಿಂದುಮುಂದಾಗಿ, ಏರು ಸ್ವರಗಳು ಒಂದನ್ನೊಂದು ನುಂಗಿಹಾಕುತ್ತವೆ. ನೇರವಾದ ಕ್ಷಣ ಜಾಗಟೆಯ ಝಣ ಎದ್ದು ಬರುತ್ತದೆ, ಚೆಂಡೆಯ ಕೋಲು ಚರ್ಮಕ್ಕೆ ತಾಗಿದ್ದು ಕಾಣಿಸಿದಂತಾಗುತ್ತದೆ. ಮೂವತ್ತು ವರ್ಷ ಮಣ್ಣು ಮುಚ್ಚಿದ್ದ ಪಾತ್ರೆ ತೊಳೆದ ಹಾಗೆ. ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿದ ಕ್ಯಾಸೆಟ್ಟುಗಳನ್ನು ಮಾತ್ರ ಒರೆಸಿ ಶುಚಿಮಾಡದೆ ಡೆಕ್ಕಿಗೆ ಹಾಕಲಿಲ್ಲ. ಒಂದರ ಬೂಷ್ಟು ಹೆಡ್ಡಿಗೆ ಹತ್ತಿದರೆ ಉಳಿದವಕ್ಕೂ ಹಬ್ಬುತ್ತದೆ.

ಇಷ್ಟೆಲ್ಲ ಮಾಡಿ ಚಾವಡಿಯ ಎರಡು ಮೂಲೆಯಲ್ಲಿ ಸ್ಟೂಲಿನ ಮೇಲೆ ಸ್ಪೀಕರ್ ಇಟ್ಟು ಹಾಕಿದರೆ ಸ್ವರ ಗವಿಯೊಳಗಿನಿಂದ ಬಂದ ಹಾಗೆ ಬಂತು. ಮದ್ದಲೆ ಊದಿಕೊಂಡಿತ್ತು, ಭಾಗವತರು ಎಲ್ಲಿ ಕೂತಿದ್ದಾರೆಂದೇ ತಿಳಿಯಲಿಲ್ಲ. ಆಗಲೂ ದಾರಿ ತೋರಿಸಿದ್ದು ಮೋನೋ ಕ್ಯಾಸೆಟ್ಟೇ. ಎರಡೂ ಸ್ಪೀಕರಿನಿಂದ ಒಂದೇ ಸ್ವರ ಬಂದರೆ ಅದು ಎರಡರ ನಟ್ಟನಡುವೆ, ಬರೀ ಗಾಳಿಯಲ್ಲಿ, ಒಬ್ಬ ಮನುಷ್ಯ ಕೂತಂತೆ ಕೇಳಬೇಕು. ಕೇಳದಿದ್ದರೆ ಎಲ್ಲೋ ತಪ್ಪಿದೆ. ಮೊದಲ ತಪ್ಪು ನನ್ನದೇ. ಪೆನ್ಸಿಲ್ ಸೆಲ್ಲಿನ ಪ್ಲಸ್ಸನ್ನು ಸ್ಪೀಕರಿನ ಕೆಂಪಿಗೆ ತಾಗಿಸಿದರೆ ಕೋನು ಹೊರಗೆ ಬರಬೇಕು. ಒಂದರಲ್ಲಿ ಒಳಗೆ ಹೋಯಿತು. ಅಂಚು ಬದಲಿಸುವಾಗ ಒಳಗಿನ ವೈರು ತಿರುಗುಮುರುಗು ಮಾಡಿದ್ದೆ. ಸರಿಮಾಡಿದ ಕೂಡಲೇ ಭಾಗವತರು ನಡುವಿಗೆ ಬಂದು ಕೂತರು.

ಊದಿಕೊಂಡ ಮದ್ದಲೆಗೆ ಕಾರಣ ಮೂಲೆ. ಗೋಡೆ ಹತ್ತಿರವಾದಷ್ಟೂ ಬೇಸ್ ಬೆಳೆಯುತ್ತದೆ. ಎರಡು ಗೋಡೆ ಸೇರುವ ಮೂಲೆಯಲ್ಲಂತೂ ಕೇಳುವುದೇ ಬೇಡ. ಹಿಂದಿನ ಗೋಡೆಯಿಂದ ಎರಡು ಅಡಿ ಮುಂದೆ ತಂದೆ. ಸ್ಪೀಕರುಗಳ ನಡುವೆ ಆರು ಅಡಿ, ಕೇಳುವ ಕುರ್ಚಿಗೂ ಒಂದೊಂದರಿಂದ ಆರು ಅಡಿ. ಸ್ಟ್ಯಾಂಡಿಗೆ ಅಂಗಡಿಯಲ್ಲಿ ನಾಲ್ಕು ಸಾವಿರ ಹೇಳಿದರು. ಮನೆ ಹಿಂದೆ ಕಾಂಪೌಂಡು ಕಟ್ಟುತ್ತಿದ್ದವರಿಂದ ಆರು ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು, ಕೊಂಡೆ, 330 ರೂಪಾಯಿ. ಮೂರು ಮೂರು ಕಲ್ಲು ಅಡ್ಡಲಾಗಿ ಪೇರಿಸಿದರೆ ಸುಮಾರು ಎರಡು ಅಡಿ. ಏರು ಸ್ವರ ನುಡಿಸುವ ಟ್ವೀಟರು ಕೂತವನ ಕಿವಿಯ ಮಟ್ಟಕ್ಕೆ ಬಂತು. ಹಂದಾಡುವ ಮಾತೇ ಇಲ್ಲ. ಕೆಂಪು ಹುಡಿ ಉದುರದಂತೆ ಸಿಮೆಂಟು ನೀರು ಬಳಿದು, ಸ್ಪೀಕರಿನಡಿಗೆ ಹಳೆಯ ಹವಾಯಿ ಚಪ್ಪಲಿಯ ತುಂಡುಗಳನ್ನಿಟ್ಟೆ. ಹೆಂಡತಿ ನೋಡಿ, "ಭೂತದ ಕಲ್ಲು ಹಾಕಿದ ಹಾಗೆ ಉಂಟು, ಹೂ ಇಡ್ಲಿಕ್ಕೆ ಉಂಟಾ?" ಎಂದಳು.

ಹಂಚಿನ ಮನೆ ನಮಗೆ ಉಪಕಾರವೇ ಮಾಡಿತು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ಸ್ಟೀರಿಯೋದ ಕನಸೂ ಯಾರಿಗೂ ಇರಲಿಲ್ಲ, ಆದರೆ ಇಳಿಜಾರಿನ ಹಂಚು, ಅದನ್ನು ಹೊರುವ ಮರದ ಪಕಾಸಿಗಳ ಸಂದು ಸ್ವರವನ್ನು ಚದುರಿಸುವ ಹಾಗೆ ಸಮತಟ್ಟಾದ ಆರ್‌ಸಿಸಿ ತಾರಸಿ ಚದುರಿಸುವುದಿಲ್ಲ. ಕಾಟ ಕೊಟ್ಟದ್ದು ರೆಡ್ ಆಕ್ಸೈಡ್ ನೆಲ, ಎದುರುಬದುರು ಬೋಳು ಗೋಡೆ. ಚಪ್ಪಾಳೆ ತಟ್ಟಿದರೆ ಟರ್ರ್ ಎಂದು ಮರುದನಿ. ಸ್ಪೀಕರ್ ಮತ್ತು ಕುರ್ಚಿಯ ನಡುವೆ ದಪ್ಪ ಜಮಖಾನೆ, ಒಂದು ಗೋಡೆಗೆ ಪುಸ್ತಕದ ಕಪಾಟು ಬಂದ ಮೇಲೆ ಅಡಗಿತು. ಆಟಿ ತಿಂಗಳ ಮಳೆ ಹಂಚಿಗೆ ಹೊಡೆಯುವಾಗ ಮಾತ್ರ ಯಾವ ಸ್ಟೀರಿಯೋವೂ ಕೇಳುವುದಿಲ್ಲ, ಆರಿಸಿ ಕೂರುವುದೇ.

ಮೊದಲ ಮಳೆಗಾಲದ ಸಿಡಿಲಿಗೆ ಆ ಲ್ಯಾಪ್‌ಟಾಪ್ ಚಾರ್ಜರ್ ಹೋಯಿತು. ಸ್ವಿಚ್ಚು ಆರಿಸಿದ್ದೆ, ಪ್ಲಗ್ ಎಳೆದಿರಲಿಲ್ಲ. ಹೊಸತಕ್ಕೆ 600. ಈಗ ಗುಡುಗಿದ ಸದ್ದಾದರೆ ಪ್ಲಗ್ ಹೊರಗೆ. ಸ್ಪೀಕರ್ ವೈರಿನ ತುದಿಗೆ ಹಸಿರು ಕಿಲುಬು ಹಿಡಿಯುತ್ತದೆ. ವರ್ಷಕ್ಕೊಮ್ಮೆ ತುದಿ ಕತ್ತರಿಸಿ ಹೊಸದಾಗಿ ಸುಲಿಯುತ್ತೇನೆ. ಎಲ್ಲ ಕೂಡಿಸಿ 14,630 ರೂಪಾಯಿ. ಮಿಕ್ಕ 370ನ್ನು ಹೆಂಡತಿ ವಾಪಸು ತೆಗೆದುಕೊಂಡಳು.

ಮುಗಿಯಿತು ಎಂದುಕೊಂಡ ಸಂಜೆ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿದೆ. ಕಣ್ಣು ಮುಚ್ಚಿ ಕೇಳಿದರು. ಚೆಂಡೆ ಈಗ ಚೆಂಡೆಯಾಗಿದೆ ಎಂದರು. ಆಮೇಲೆ, "ಭಾಗವತರು ಯಾಕೆ ಎಡಕ್ಕೆ ಸರಿದು ಕೂತಿದ್ದಾರೆ?" ನಾನು ಬಲದ ಸ್ಪೀಕರನ್ನು ಹತ್ತಿರ ತಂದೆ, ಎಡದ್ದನ್ನು ತಿರುಗಿಸಿದೆ, ವೈರು ಅದಲು ಬದಲು ಮಾಡಿದೆ, ಅಂಗುಲ ಅಂಗುಲ ಅಳೆದೆ. ಭಾಗವತರು ಎಡದಿಂದ ಕದಲಲಿಲ್ಲ. ಒಂದು ಗಂಟೆ ಕಳೆದ ಮೇಲೆ ಹೆಂಡತಿ ಅಡುಗೆಮನೆಯಿಂದಲೇ, "ಮಾವನಿಗೆ ಬಲಗಿವಿ ಮಂದ ಅಲ್ವಾ?" ಎಂದಳು.

ಅಪ್ಪನ ಕುರ್ಚಿಯನ್ನು ಒಂದು ಗೇಣು ಬಲಕ್ಕೆ ಸರಿಸಿದೆ. ಭಾಗವತರು ನಡುವಿಗೆ ಬಂದರು. ಈಗ ಚಾವಡಿಯ ನೆಲದ ಮೇಲೆ ಸುಣ್ಣದಕಡ್ಡಿಯ ಎರಡು ಗುರುತು ಉಂಟು, ಒಂದು ನನ್ನದು, ಒಂದು ಅಪ್ಪನದ್ದು. ಶುಕ್ರವಾರ ನೆಲ ಒರೆಸುವಾಗ ಎರಡೂ ಅಳಿಸಿಹೋಗುತ್ತವೆ. ಶನಿವಾರ ಬೆಳಿಗ್ಗೆ ನಾನು ಮತ್ತೆ ಅಳತೆಪಟ್ಟಿ ಹಿಡಿದು ಕೂರುತ್ತೇನೆ.