ಬಿಳಿ ಹಾಳೆ, ಹಳದಿ ಹಾಳೆ, ಮೂರು ಪೆನ್ಸಿಲ್ ಗುರುತು: ನನ್ನ ಅನುಭವ

"ಓದುವವರ ಕೈಗೆ ಪೆನ್ಸಿಲ್ ಕೊಟ್ಟು ಕಾದಂಬರಿ ತಿದ್ದುದಾ? ಇದೆಂತ ಹೋಟೆಲಾ, ಸಾಂಬಾರಿಗೆ ಉಪ್ಪು ಸಾಕಾ ಅಂತ ಕೇಳ್ಲಿಕ್ಕೆ?" ಮುಂಬೈಯ ಮಾಟುಂಗದಲ್ಲಿ ಒಬ್ರು ಹಿರಿಯರು ನಾಲ್ಕು ಜನರ ಎದುರೇ ಹೀಗೆ ಕೇಳಿದ್ರು. ನನ್ನ ಕಾದಂಬರಿ ಅಚ್ಚಿಗೆ ಹೋಗುವ ಮೊದಲು ಓದುಗರ ಪೆನ್ಸಿಲ್ ಗುರುತು ನೋಡಿ ತಿದ್ದಿದ್ದೆ, ಅದಕ್ಕೇ ಆ ಮಾತು. ಆಗ ಸುಮ್ನಿದ್ದೆ. ಈಗ ಅಚ್ಚಾದ 500 ಪ್ರತಿಯಲ್ಲಿ ಮಂಚದ ಅಡಿ ಉಳಿದದ್ದು ನಲವತ್ತೋ ನಲವತ್ತೈದೋ, ಹಾಗಾಗಿ ಬರೀಲಿಕ್ಕೆ ಧೈರ್ಯ ಬಂದದ್ದು.

ಕಥೆ ಎರಡೇ ಸಾಲಲ್ಲಿ ಹೇಳ್ತೇನೆ. ಒಂದು ಎಳೆ 1982ರ ಮುಂಬೈಯ ಲಾಲ್‌ಬಾಗ್, ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಬಟ್ಟೆ ಗಿರಣಿ ಮುಷ್ಕರ ಶುರುವಾಗಿ ಎರಡೂವರೆ ಲಕ್ಷ ಜನ ಕೆಲಸ ನಿಲ್ಲಿಸಿದ್ದು, ಅದರ ನಡುವೆ ನಮ್ಮ ಕುಂದಾಪುರ ಕಡೆಯ ಒಬ್ಬ ಹೋಟೆಲ್ ಹುಡುಗ. ಇನ್ನೊಂದು ಎಳೆ ಇನ್ನೂರು ವರ್ಷ ಆಚೆ, ಶನಿಯ ಉಪಗ್ರಹ ಟೈಟನ್‌ನಲ್ಲಿ ಒಂದು ಸ್ಟೇಷನ್, ಅಲ್ಲಿಗೆ ಭೂಮಿಯಿಂದ ಸಿಗ್ನಲ್ ಬರುದು ನಿಂತು ಹೋಗಿದೆ. ಶನಿಯಿಂದ ಇಲ್ಲಿಗೆ ರೇಡಿಯೋ ಸಿಗ್ನಲ್ ಬರ್ಲಿಕ್ಕೆ ಸರಾಸರಿ 80 ನಿಮಿಷ, ಹೆಚ್ಚು ಕಮ್ಮಿ ನಮ್ಮ ಡೊಂಬಿವಲಿಯಿಂದ ಮುಂಬೈ ಸಿಎಸ್‌ಎಂಟಿಗೆ ಹೋಗುವ ಸ್ಲೋ ಲೋಕಲ್ ರೈಲಿನಷ್ಟೇ. ಈ ಲೆಕ್ಕ ತಲೆಗೆ ಬಂದದ್ದು ಮುಲುಂಡ್ ಹತ್ರ ಬಾಗಿಲಲ್ಲಿ ನೇತಾಡ್ತಾ ಇರುವಾಗ, ಕಾದಂಬರಿ ಹುಟ್ಟಿದ್ದೂ ಅಲ್ಲೇ.

ಮೊದಲು ಪಿಡಿಎಫ್ ಮಾಡಿ ವಾಟ್ಸಾಪಲ್ಲಿ ಕಳಿಸಿದೆ, ಮೂವತ್ತು ಜನಕ್ಕೆ ಹೋಗಿರ್ಬೇಕು. ಬಂದದ್ದು ಕೈ ಮುಗಿಯುವ ಇಮೋಜಿ, "ಅದ್ಭುತ ಸರ್, ಹೀಗೇ ಬರೀತಾ ಇರಿ." ಅದರಲ್ಲಿ ಒಬ್ರು ಅದ್ಭುತ ಅಂದದ್ದು ಕಳಿಸಿ ನಾಲ್ಕು ನಿಮಿಷಕ್ಕೆ, 260 ಪುಟ! ಆಮೇಲೆ ಇಪ್ಪತ್ತೈದು ಪ್ರಶ್ನೆಯ ಫಾರ್ಮ್ ಮಾಡಿದೆ, ಯಾವ ಪಾತ್ರ ಇಷ್ಟ, ಎರಡು ಕಥೆ ಸೇರುದು ಸಹಜ ಅನಿಸಿತಾ ಅಂತೆಲ್ಲ. ವಾಪಸ್ ಬಂದದ್ದು ಏಳು, ಏಳರಲ್ಲೂ ಎಲ್ಲದಕ್ಕೂ ಐದಕ್ಕೆ ನಾಲ್ಕು ಮಾರ್ಕು. ಜನ ಮುಖ ನೋಡಿ ಮಾರ್ಕು ಕೊಡ್ತಾರೆ ಮಾರಾಯ್ರೆ, ಬೇಜಾರಾಗ್ತದೆ ಅಂತ. ಮೂರು ಸಾವಿರದಷ್ಟು ಪ್ರಿಂಟಿಗೆ ಕೂರಿಯರಿಗೆ ಹೋಯ್ತು, ಕಾದಂಬರಿ ಇದ್ದಲ್ಲೇ ಇತ್ತು.

ಕೊನೆಗೆ ಮಾಡಿದ್ದು ಇದು. ಗಿರಣಿ ಕಥೆ ಬಿಳಿ ಹಾಳೆ, ಟೈಟನ್ ಕಥೆ ಹಳದಿ ಹಾಳೆ, ಅಧ್ಯಾಯ ಒಂದು ಬಿಟ್ಟು ಒಂದು, ಸ್ಪೈರಲ್ ಬೈಂಡ್, ಜೊತೆಗೆ ದಾರ ಕಟ್ಟಿದ ಒಂದು ಪೆನ್ಸಿಲ್. ಓದುವವರು ಒಂದಕ್ಷರ ಬರೀಬೇಕಂತ ಇಲ್ಲ. ಪುಸ್ತಕ ಮುಚ್ಚಿಟ್ಟ ಜಾಗದಲ್ಲಿ ಅಡ್ಡ ಗೆರೆ, ಹಾರಿಸಿದಲ್ಲಿ ಬಾಣ, ಹಿಂದೆ ತಿರುಗಿಸಿ ನೋಡಿದಲ್ಲಿ ಸೊನ್ನೆ. ಒಂದು ಪ್ರತಿಗೆ 350ರ ಹತ್ರ ಬಿತ್ತು, 18 ಪ್ರತಿ, ಅಂದ್ರೆ ಆರೂವರೆ ಸಾವಿರದ ಆಸುಪಾಸು. ಬೇರೆ ಬೇರೆ ಸ್ಟೇಷನ್ನಲ್ಲಿ ನಿಂತು ಕೈಯಲ್ಲೇ ಕೊಟ್ಟು ಕೈಯಲ್ಲೇ ತಗೊಂಡೆ. 13 ವಾಪಸ್ ಬಂತು, ಒಂದು ಲೋಕಲ್‌ನ ರ್‍ಯಾಕಲ್ಲಿ ಉಳಿದು ಕರ್ಜತ್ ಕಡೆ ಹೋಯ್ತಂತೆ, ಬಾಕಿಯವರು ಫೋನ್ ಎತ್ತುದಿಲ್ಲ. ಹತ್ತು ದಿನ ಆದ್ಮೇಲೆ ಪ್ರತಿಯೊಬ್ರಿಗೂ ಫೋನ್ ಮಾಡಿ ಒಂದೇ ಒಂದು ಪ್ರಶ್ನೆ ಕೇಳಿದೆ. ಆ ಪ್ರಶ್ನೆ ಎಂತದು ಅಂತ ಇಲ್ಲಿ ಹೇಳುದಿಲ್ಲ, ಅದು ನನ್ನ ಹತ್ರವೇ ಇರ್ಲಿ.

ಹಳೆ ಕ್ಯಾಲೆಂಡರ್ ಹಾಳೆಗಳ ಹಿಂಬದಿ ಒಂದಕ್ಕೊಂದು ಅಂಟಿಸಿ ಹಾಲ್‌ನ ಗೋಡೆಗೆ ಹಾಕಿ 13 ಜನರ ಗುರುತು ಅಧ್ಯಾಯವಾರು ಇಳಿಸಿದೆ. ಹೆಂಡತಿ ಎರಡು ವಾರ ಮಾತೇ ಬಿಟ್ಟಿದ್ಲು, ಗೋಡೆ ಪೇಂಟ್ ಎದ್ದು ಬಂದದ್ದು ಬೇರೆ. ನಾನು ಅಂದ್ಕೊಂಡದ್ದು ಟೈಟನ್‌ನ ವಿಜ್ಞಾನ ಭಾರ ಆಯ್ತು, ಅಲ್ಲೇ ಜನ ಬಿಡ್ತಾರೆ ಅಂತ. ನೋಡಿದ್ರೆ ಹಾಗಲ್ಲ. ಬಾಣ ಎಲ್ಲ ಇದ್ದದ್ದು ಗಿರಣಿ ಅಧ್ಯಾಯವನ್ನು ನಾನು ಏನೋ ದೊಡ್ಡ ಕುತೂಹಲದಲ್ಲಿ ನಿಲ್ಲಿಸಿದ ಮರುಪುಟದಲ್ಲಿ. ಹುಡುಗನನ್ನು ಪೊಲೀಸ್ ವ್ಯಾನಿಗೆ ಹತ್ತಿಸಿ ನಾನು ಟೈಟನ್‌ಗೆ ಹಾರಿದ್ರೆ ಅವ್ರು ಹಳದಿ ಹಾರಿಸಿ ಸೀದಾ ಬಿಳಿಗೆ, ಹುಡುಗ ಎಂತ ಆದ ನೋಡ್ಲಿಕ್ಕೆ. ನಾನೇ ಜಾಣತನ ಅಂತ ಮಾಡಿದ್ದು ನನಗೇ ತಿರುಗಿ ಹೊಡೆದದ್ದು. ಎಲ್ಲ ಗಿರಣಿ ಅಧ್ಯಾಯದ ಕೊನೆ ತಣ್ಣಗೆ ಮಾಡಿದೆ, ಹಳದಿ ಅಧ್ಯಾಯ 12 ಪುಟದಿಂದ ಏಳಕ್ಕೆ ಇಳಿಸಿದೆ.

ಒಬ್ಬ ಗೆಳೆಯ, ಬಣ್ಣ ಕೊಟ್ಟದ್ದಕ್ಕೇ ಹಾರಿಸ್ಲಿಕ್ಕೆ ಸುಲಭ ಆದದ್ದು, ಪುಸ್ತಕದ ಅಂಚು ನೋಡಿದ್ರೇ ಬಿಳಿ ಎಲ್ಲಿ ಶುರು ಅಂತ ಗೊತ್ತಾಗ್ತದಲ್ಲ ಅಂದ. ಸರಿ ಮಾತು. ಹಳೆ ಪಠ್ಯವನ್ನೇ ಪೂರಾ ಬಿಳಿ ಹಾಳೆಯಲ್ಲಿ ನಾಲ್ಕು ಪ್ರತಿ ಮಾಡಿ ಬೇರೆ ನಾಲ್ವರಿಗೆ ಕೊಟ್ಟೆ. ಬಾಣ ಕಮ್ಮಿ ಆಯ್ತು ನಿಜ, ಆದ್ರೆ ಅಡ್ಡ ಗೆರೆ ಜಾಸ್ತಿ. ಹಾರಿಸ್ಲಿಕ್ಕೆ ದಾರಿ ಕಾಣದಿದ್ರೆ ಮುಚ್ಚಿಯೇ ಇಡ್ತಾರೆ. ಹಳದಿಯೇ ವಾಸಿ.

ಇನ್ನೊಂದು ಗಮ್ಮತ್ತು. ಝೆರಾಕ್ಸ್ ಅಂಗಡಿಯ ಹುಡುಗ ಒಂದು ಪ್ರತಿಯಲ್ಲಿ ಹಾಳೆ ಹಿಂದೆಮುಂದೆ ಮಾಡಿ ಎರಡು ಟೈಟನ್ ಅಧ್ಯಾಯ ಒಟ್ಟಿಗೆ ಕೂಡಿಸಿಬಿಟ್ಟಿದ್ದ. ಗೊತ್ತಾದ ಕೂಡ್ಲೇ ಅದನ್ನು ಓದ್ತಾ ಇದ್ದ ಭಾಂಡೂಪ್‌ನ ಟೀಚರಿಗೆ ಫೋನ್ ಮಾಡಿ ಸಾರಿ ಕೇಳಿದೆ. "ತಪ್ಪಾ? ನೀವು ಬೇಕಂತ್ಲೇ ಇಟ್ಟದ್ದು ಅಂದ್ಕೊಂಡೆ, ಅಲ್ಲೇ ನಂಗೆ ಆ ಸ್ಟೇಷನ್ನಿನ ಜನ ಯಾರ್ಯಾರು ಅಂತ ಹಿಡಿತ ಸಿಕ್ಕಿದ್ದು." ಪ್ರತಿ ವಾಪಸ್ ಬಂದಾಗ ನೋಡಿದ್ರೆ ಆ ಜಾಗದಲ್ಲಿ ಗೆರೆ ಇಲ್ಲ, ಬಾಣ ಇಲ್ಲ. ಅಚ್ಚಾದ ಪುಸ್ತಕದಲ್ಲೂ ಹಾಗೇ ಉಂಟು, ಒಂದು ಬಿಟ್ಟು ಒಂದು ಅನ್ನುವ ಹಟ ಬಿಟ್ಟೆ. ಆ ಹುಡುಗನಿಗೆ ಬೈದದ್ದಕ್ಕೆ ಆಮೇಲೆ ಚಾ ಕುಡಿಸಿದೆ.

ಬರೀಬೇಕಂತ ಇಲ್ಲ ಅಂದ್ರೂ ಒಬ್ರು ಬರೆದ್ರು, ಇನ್ನೊಬ್ರು ಸೊನ್ನೆಯಲ್ಲೇ ಎಲ್ಲ ಹೇಳಿದ್ರು. ಅಣುಶಕ್ತಿನಗರದ ಒಬ್ರು ರಿಟೈರ್ಡ್ ಸಾಹೇಬ್ರು, ನಾನು ಕಿಡಿ ಹಾರಿ ಟೈಟನ್‌ನ ಮೀಥೇನ್ ಕೆರೆ ಸ್ಫೋಟ ಆಗುವ ಸೀನ್ ಇಟ್ಟಿದ್ದಲ್ಲ, ಅದರ ಪಕ್ಕ "ಆಕ್ಸಿಜನ್ ನಿಮ್ಮ ಮನೆಯಿಂದ ತಂದದ್ದಾ?" ಅಂತ ಒಂದೇ ಸಾಲು. ಅಲ್ಲಿಯ ಗಾಳಿ ಬಹುಪಾಲು ನೈಟ್ರೋಜನ್, ಉರೀಲಿಕ್ಕೆ ಆಕ್ಸಿಜನ್ನೇ ಇಲ್ಲ. ನನಗೆ ಗೊತ್ತಿದ್ದದ್ದೇ, ಸಿನಿಮಾ ಆಸೆಗೆ ಮರೆತದ್ದು. ಒಂಬತ್ತು ಪುಟ ಕಿತ್ತೆ.

ಇನ್ನೊಬ್ರು ಪರೇಲ್‌ನ ಒಂದು ಚಾಳ್‌ನ ಅಜ್ಜಿ, ಅವರ ಯಜಮಾನ್ರು ಗಿರಣಿಯಲ್ಲಿ ಬದಲಿ ಕೆಲಸಗಾರ ಆಗಿದ್ದವ್ರು. ನಾನು 1982ರ ಮಾರ್ಚಲ್ಲಿ "ಬೆಳಿಗ್ಗೆ ಏಳಕ್ಕೆ ಭೋಂಗಾ ಊದಿತು, ಹುಡುಗ ಎದ್ದ" ಅಂತ ಬರೆದಿದ್ದೆ, ಭೋಂಗಾ ಅಂದ್ರೆ ಗಿರಣಿಯ ಸೈರನ್. ಅಲ್ಲಿ ಪೆನ್ಸಿಲ್ ಒತ್ತಿ ಒತ್ತಿ ಹಾಳೆಯೇ ಹರಿಯುವ ಹಾಗೆ ಸೊನ್ನೆ. ಅಜ್ಜಿಯ ಖೋಲಿಗೆ, ಅಂದ್ರೆ ಚಾಳಿನ ಕೋಣೆಗೆ, ಹೋಗಿ ಕೇಳಿದೆ. "ಗಿರಣಿಯೇ ಬಂದ್, ಭೋಂಗಾ ಯಾರು ಊದಿದ್ದು ಮಗಾ? ಅದಿಲ್ಲದೆ ಇಡೀ ಚಾಳಿಗೆ ಎಚ್ಚರವೇ ಆಗ್ತಿರ್ಲಿಲ್ಲ. ಎದ್ರೂ ಎಂತ ಮಾಡುದು ಅಂತ ಮಲಗಿಯೇ ಇರ್ತಿದ್ರು." ನಾನು ಎರಡು ವರ್ಷದಿಂದ ಎರಡು ಕಥೆಗೆ ಸೇತುವೆ ಹುಡುಕ್ತಾ ಇದ್ದೆ, ಲಾಕೆಟ್ಟು, ಹಳೆ ಡೈರಿ, ಎಂತೆಂತದೋ ಇಟ್ಟು ತೆಗೆದಿದ್ದೆ. ಈಗ 17ನೇ ಅಧ್ಯಾಯದಲ್ಲಿ ಲಾಲ್‌ಬಾಗ್‌ನಲ್ಲಿ ಭೋಂಗಾ ಇಲ್ಲ, 18ರಲ್ಲಿ ಟೈಟನ್‌ನಲ್ಲಿ ಸಿಗ್ನಲ್ ಇಲ್ಲ, ಎರಡೂ ಕಡೆ ಜನ ಎಚ್ಚರ ಇದ್ದು ಮಲಗಿದ್ದಾರೆ. ಪುಸ್ತಕ ಬಂದ್ಮೇಲೆ ಫೋನ್ ಮಾಡಿದವರಲ್ಲಿ ಅರ್ಧಕ್ಕರ್ಧ ಜನ ಈ ಎರಡು ಅಧ್ಯಾಯದ್ದೇ ಮಾತು. ಅಜ್ಜಿಗೆ ಹಳದಿ ಹಾಳೆ ಮಾತ್ರ ಕೊನೆವರೆಗೂ ಹಿಡಿಸ್ಲಿಲ್ಲ, "ಅದು ಜಾಹೀರಾತು ಅಂತ ಬಿಟ್ಟೆ" ಅಂದ್ರು.

ದುಡ್ಡಿನ ಲೆಕ್ಕ ಕೇಳುವವರಿಗೆ: ಮುದ್ರಣ 62 ಸಾವಿರ, ಬೆಲೆ 220, ಅಂಗಡಿಯವ್ರ ಕಮಿಷನ್, ಪುಕ್ಕಟೆ ಹೋದ ಅರುವತ್ತು ಪ್ರತಿ, ಈ ಝೆರಾಕ್ಸು ಎಲ್ಲ ಕಳೆದ್ರೆ ಕೈಗೆ ಉಳಿದದ್ದು ಎರಡೋ ಮೂರೋ ಸಾವಿರ. ಗೋಡೆ ಪೇಂಟಿನ ಖರ್ಚು ಇದರಲ್ಲಿ ಸೇರಿಸ್ಲಿಲ್ಲ.

ಮೊನ್ನೆ ಮಾಟುಂಗದ ಆ ಹಿರಿಯರು ಸಿಕ್ಕಿ, ಝೆರಾಕ್ಸ್ ಅಂಗಡಿ ಎಲ್ಲಿ ಅಂತ ಮೆಲ್ಲಗೆ ಕೇಳಿದ್ರು. ಅಂಗಡಿ ತೋರಿಸಿದೆ. ಫೋನಲ್ಲಿ ಕೇಳುವ ಪ್ರಶ್ನೆ ಎಂತದು ಅಂದ್ರು, ಅಷ್ಟರಲ್ಲಿ ನನ್ನ ಲೋಕಲ್ ಬಂತು. ಮುಂದಿನದ್ದಕ್ಕೆ ಮೂರು ಎಳೆ ಉಂಟು, ಗುಲಾಬಿ ಹಾಳೆಗೆ ಪುಟಕ್ಕೆ ನಲವತ್ತು ಪೈಸೆ ಜಾಸ್ತಿ ಹೇಳ್ತಿದ್ದಾನೆ ಹುಡುಗ, ಇನ್ನೂ ಚೌಕಾಶಿ ನಡೀತಾ ಉಂಟು.