ಲೇಟೆಕ್ಸ್ ಸಾಮಾನು ಬೇಗ ಕೆಡದಂತೆ ಇಡುವುದು ಹೇಗೆ

ಲೇಟೆಕ್ಸ್ ಎಂದು ಬರೆದಿದ್ದ ಮಾತ್ರಕ್ಕೆ ಎಲ್ಲವೂ ರಬ್ಬರ್ ಮರದ ಹಾಲಲ್ಲ. ನೀರಿನಲ್ಲಿ ರಬ್ಬರ್, ಪ್ಲಾಸ್ಟಿಕ್‌ನಂಥ ಪಾಲಿಮರ್‌ನ ಸಣ್ಣ ಕಣಗಳು ಬೆರೆತು ತೇಲುತ್ತಿದ್ದರೆ ಅದೆಲ್ಲಾ ಲೇಟೆಕ್ಸೇ. ಮರದ ಹಾಲಿನಲ್ಲಿ ರಬ್ಬರ್ ಸುಮಾರು ಮೂರನೇ ಒಂದು ಪಾಲು. ಉಳಿದದ್ದು ಹೆಚ್ಚಾಗಿ ನೀರು, ಜೊತೆಗೆ ಸ್ವಲ್ಪ ಪ್ರೋಟೀನು, ಸಕ್ಕರೆ. ನೈಟ್ರೈಲ್, ನಿಯೋಪ್ರೀನ್ ಎಂಬ ರಬ್ಬರುಗಳು ಕಾರ್ಖಾನೆಯಲ್ಲಿ ತಯಾರಾದವು. ಗೋಡೆಗೆ ಬಳಿಯುವ ಲೇಟೆಕ್ಸ್ ಬಣ್ಣದಲ್ಲಂತೂ ರಬ್ಬರ್ ಇರುವುದೇ ಇಲ್ಲ, ಸಾಮಾನ್ಯವಾಗಿ ಅದರಲ್ಲಿರುವುದು ಅಕ್ರಿಲಿಕ್ ಎಂಬ ಪ್ಲಾಸ್ಟಿಕ್.

ಕೈಗವಸು ಕೊಳ್ಳುವಾಗ ಕೆಲಸ ನೋಡಿ ಆರಿಸಿ. ಪಾತ್ರೆ ತೊಳೆಯಲು, ನೆಲ ಒರೆಸಲು ಮರದ ರಬ್ಬರಿನದೇ ಹಿತ: ಚೆನ್ನಾಗಿ ಹಿಗ್ಗುತ್ತದೆ, ಬೆರಳಿಗೆ ಹಿಡಿತ ಸಿಗುತ್ತದೆ. ಎಣ್ಣೆ, ಗ್ರೀಸ್, ಸೀಮೆಎಣ್ಣೆ ಮುಟ್ಟುವುದಾದರೆ ನೈಟ್ರೈಲ್ ಹಾಕಿಕೊಳ್ಳಿ. ಮರದ ರಬ್ಬರ್ ಎಣ್ಣೆ ಹೀರಿ ಉಬ್ಬುತ್ತದೆ, ಆಮೇಲೆ ಎಳೆದಲ್ಲಿ ಹರಿಯುತ್ತದೆ. ಕೈಗೆ ಕ್ರೀಮು ಸವರಿಕೊಂಡು ಗವಸು ಹಾಕಿದರೂ ಇದೇ ಗತಿ. ತಾಮ್ರ, ಹಿತ್ತಾಳೆ ಉಜ್ಜಿದ ಮೇಲೆ ಗವಸನ್ನು ತಕ್ಷಣ ಸಾಬೂನಿನಲ್ಲಿ ತೊಳೆಯಿರಿ. ತಾಮ್ರದ ಅಂಶ ಉಳಿದರೆ ರಬ್ಬರ್ ಕಂದಾಗಿ ಬೇಗ ಹಳಸುತ್ತದೆ. ಮೊದಲು ಹೊರಮೈ ನೆರಳಲ್ಲಿ ಒಣಗಲಿ, ನಂತರ ಮಗುಚಿ ಒಳಮೈ ಒಣಗಿಸಿ. ತೂತಿದೆಯೇ ಎಂಬ ಅನುಮಾನವಿದ್ದರೆ ಒಳಗೆ ಗಾಳಿ ಹಿಡಿದು ಬಾಯಿ ತಿರುಚಿ ನೀರಿನಲ್ಲಿ ಅದ್ದಿ, ಗುಳ್ಳೆ ಎದ್ದಲ್ಲೇ ತೂತು.

ಬಿಸಿಲು, ಶಾಖ ಮತ್ತು ಗಾಳಿಯ ಆಮ್ಲಜನಕ ಸೇರಿದರೆ ರಬ್ಬರ್ ಅಂಟಂಟಾಗುತ್ತದೆ ಇಲ್ಲವೇ ಗಡುಸಾಗಿ ಪುಡಿಯಾಗುತ್ತದೆ. ಎಳೆದು ಕಟ್ಟಿದ ರಬ್ಬರ್ ಬ್ಯಾಂಡಿನ ಮೇಲೆ ಅಡ್ಡ ಬಿರುಕು ಕಂಡರೆ ಗಾಳಿಯಲ್ಲಿ ಸ್ವಲ್ಪ ಇರುವ, ಮೋಟಾರಿನ ಕಿಡಿಯಿಂದಲೂ ಹುಟ್ಟುವ ಓಝೋನ್ ಅನಿಲ ಕಾರಣ. ಎಳೆತದಲ್ಲಿದ್ದಾಗಲೇ ಅದು ಕಡಿಯುವುದು. ಅದಕ್ಕೇ ಬ್ಯಾಂಡು, ಬಲೂನುಗಳನ್ನು ಸಡಿಲವಾಗಿ, ಮುಚ್ಚಿದ ಡಬ್ಬದಲ್ಲಿ, ಓಡುವ ಮೋಟಾರಿನಿಂದ ದೂರ ಇಡಿ.

ಲೇಟೆಕ್ಸ್ ಹಾಸಿಗೆಯನ್ನು ನೀರಿನಲ್ಲಿ ನೆನೆಸುವುದು ಶುದ್ಧ ತಪ್ಪು. ನೀರು ಕುಡಿದು ಭಾರವಾದ ಫೋಮು ಎತ್ತುವಾಗ ತನ್ನ ತೂಕಕ್ಕೇ ಹರಿದುಹೋಗುತ್ತದೆ, ಒಳಗಿನ ತೇವವೂ ಬೇಗ ಆರುವುದಿಲ್ಲ. ಕಲೆಯಾದಲ್ಲಿ ಮಾತ್ರ ಸಾಬೂನು ನೀರಿನಲ್ಲಿ ಅದ್ದಿ ಬಿಗಿಯಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಫ್ಯಾನಿನ ಕೆಳಗೆ ಆರಲು ಬಿಡಿ. ಬಿಸಿಲಿಗೆ ಹಾಕಿದರೆ ಮೇಲ್ಪದರ ಹಳದಿಯಾಗಿ ಉದುರತೊಡಗುತ್ತದೆ. ಹಾಸಿಗೆಯ ಕೆಳಗೆ ಗಾಳಿಯಾಡುವಂತೆ ಬಿಡಿ ಪಟ್ಟಿಗಳನ್ನು ಜೋಡಿಸಿದ ಮಂಚವೇ ಸರಿ.

ಗವಸು ತೊಟ್ಟ ನಿಮಿಷಗಳಲ್ಲೇ ತುರಿಕೆ, ದದ್ದು, ಸೀನು ಬಂದರೆ ಮರದ ಹಾಲಿನ ಪ್ರೋಟೀನಿನ ಮೇಲೆ ಅನುಮಾನಪಡಿ. ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಅಂಥವರಲ್ಲಿ ಕೆಲವರಿಗೆ ಬಾಳೆಹಣ್ಣು, ಬೆಣ್ಣೆಹಣ್ಣೂ ಒಗ್ಗುವುದಿಲ್ಲ. ಒಂದೆರಡು ದಿನ ಬಿಟ್ಟು ಚರ್ಮ ಕೆಂಪಾಗಿ ಒಡೆದರೆ ಅದು ಬೇರೆ: ರಬ್ಬರನ್ನು ಗಟ್ಟಿಗೊಳಿಸಲು ಸೇರಿಸುವ ವೇಗವರ್ಧಕ ರಾಸಾಯನಿಕ ಕಾರಣವಿರಬಹುದು. ಅದು ನೈಟ್ರೈಲ್‌ನಲ್ಲೂ ಇರುವುದರಿಂದ ಬರೀ ಗವಸು ಬದಲಿಸಿದರೆ ಸಾಲದು, ಆ ರಾಸಾಯನಿಕವಿಲ್ಲ ಎಂದು ಬರೆದದ್ದನ್ನೇ ಹುಡುಕಿ.

ಬಣ್ಣದ ವಿಷಯ ಇಷ್ಟೇ: ಕುಂಚ ಒಣಗುವ ಮುಂಚೆ ನೀರಿನಲ್ಲಿ ತೊಳೆಯಿರಿ, ಒಣಗಿದ ಮೇಲೆ ನೀರಿಗೆ ಬಿಡುವುದಿಲ್ಲ. ಬಳಿದ ಗೋಡೆ ಮುಟ್ಟಿದರೆ ಒಣಗಿದಂತೆ ಕಂಡರೂ 2ರಿಂದ 4 ವಾರ ಉಜ್ಜಿ ತೊಳೆಯಬೇಡಿ.