ಮುಂಬೈಯಲ್ಲಿ ಸ್ಪೆಷಲ್ ಬಿ.ಎಡ್. ಮಾಡಿ ಸಿಆರ್‌ಆರ್ ನಂಬರ್ ಪಡೆಯೋದು ಹೇಗೆ?

ಮುಂಬೈಯಲ್ಲಿ ಸ್ಪೆಷಲ್ ಎಜುಕೇಟರ್, ಅಂದರೆ ವಿಶೇಷ ಮಕ್ಕಳ ಶಿಕ್ಷಕರು ಆಗಬೇಕಾದರೆ ಎರಡು ಕಾಗದ ಬೇಕು. ಒಂದು ಸ್ಪೆಷಲ್ ಬಿ.ಎಡ್. ಡಿಗ್ರಿ. ಇನ್ನೊಂದು ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ ಕೊಡುವ ನೋಂದಣಿ ಪತ್ರ. ಅದರ ಮೇಲಿರುವ ಸಿಆರ್‌ಆರ್ (ಕೇಂದ್ರ ಪುನರ್ವಸತಿ ನೋಂದಣಿ ಪುಸ್ತಕದ) ನಂಬರೇ ನಿಮ್ಮ ಲೈಸೆನ್ಸ್. 1992ರ ಆರ್‌ಸಿಐ ಕಾಯ್ದೆ ಪ್ರಕಾರ ಈ ನೋಂದಣಿ ಇಲ್ಲದೆ ಕೆಲಸ ಮಾಡಿದರೆ ಒಂದು ವರ್ಷದವರೆಗೆ ಜೈಲು, 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹಾಗಾಗಿ ಆರ್‌ಸಿಐ ಮಾನ್ಯತೆ ಇಲ್ಲದ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸಿಗೆ ದುಡ್ಡು ಸುರಿಯಬೇಡಿ.

ಎಲ್ಲರೂ ಮೊದಲು ಕೇಳೋದು ಯಾವ ಕಾಲೇಜು, ಎಷ್ಟು ಫೀಸು ಅಂತ. ನನ್ನ ಪ್ರಕಾರ ಮೊದಲು ತೀರ್ಮಾನ ಆಗಬೇಕಾದದ್ದು ಯಾವ ಮಕ್ಕಳ ಜೊತೆ ಕೆಲಸ ಮಾಡುತ್ತೀರಿ ಅನ್ನೋದು. ಕೋರ್ಸಿಗೆ ಸೇರುವಾಗಲೇ ವಿಭಾಗ ಆರಿಸಿಕೊಳ್ಳಬೇಕು: ಶ್ರವಣ ದೋಷ, ದೃಷ್ಟಿ ದೋಷ, ಬೌದ್ಧಿಕ ಅಸಾಮರ್ಥ್ಯ, ಕಲಿಕಾ ನ್ಯೂನತೆ, ಆಟಿಸಂ, ಹೀಗೆ. ಒಂದೊಂದರ ಪಾಠ, ಪ್ರಾಕ್ಟಿಕಲ್ ಬೇರೆ ಬೇರೆ. ನಿಮ್ಮ ನೋಂದಣಿಯೂ ಆ ಅರ್ಹತೆಯ ಮೇಲೆಯೇ ಆಗುತ್ತದೆ. ಸೀಟು ಖಾಲಿ ಇದೆ ಅಂತ ಸುಮ್ನೆ ಯಾವುದೋ ವಿಭಾಗಕ್ಕೆ ಸೇರಬೇಡಿ. ಮನೆ ಹತ್ತಿರದ ಒಂದು ಸ್ಪೆಷಲ್ ಸ್ಕೂಲಿಗೆ ಹೋಗಿ, ಹೆಡ್ ಟೀಚರ್ ಹತ್ತಿರ ಅನುಮತಿ ಕೇಳಿ, ಕೆಲವು ದಿನ ತರಗತಿಯ ಹಿಂದೆ ಕೂತು ನೋಡಿ.

ಕೂತು ನೋಡಿದರೆ ಈ ಕೆಲಸ ಎಂಥದ್ದು ಅಂತ ಗೊತ್ತಾಗುತ್ತದೆ. ಕೈ ತೊಳೆಯೋದನ್ನೇ ತೆಗೆದುಕೊಳ್ಳಿ. ನಲ್ಲಿ ತಿರುಗಿಸು, ಕೈ ಒದ್ದೆ ಮಾಡು, ಸೋಪು ಹಿಡಿ, ಅಂಗೈ ಉಜ್ಜು, ಬೆರಳ ಸಂದು ಉಜ್ಜು, ತೊಳೆ, ನಲ್ಲಿ ನಿಲ್ಲಿಸು, ಒರೆಸಿಕೋ. ಒಂದು ಕೆಲಸವನ್ನು ಹೀಗೆ ಸಣ್ಣ ಸಣ್ಣ ಹೆಜ್ಜೆಯಾಗಿ ಬಿಡಿಸುವುದನ್ನು ಟಾಸ್ಕ್ ಅನಾಲಿಸಿಸ್ ಅನ್ನುತ್ತಾರೆ. ಮಗು ಯಾವ ಹೆಜ್ಜೆಯಲ್ಲಿ ನಿಲ್ಲುತ್ತದೆ ಅಂತ ಬರೆದುಕೊಂಡು ಅಲ್ಲಿಂದ ಕಲಿಸಬೇಕು. ಶಾಲೆಯಲ್ಲಿ ಒತ್ತುವ ನಲ್ಲಿ, ಮನೆಯಲ್ಲಿ ತಿರುಗಿಸುವ ನಲ್ಲಿ ಇದ್ದರೆ, ಶಾಲೆಯಲ್ಲಿ ಚೆನ್ನಾಗಿ ಕೈ ತೊಳೆಯುವ ಹುಡುಗ ಮನೆಯಲ್ಲಿ ಸುಮ್ಮನೆ ನಿಂತುಬಿಡುತ್ತಾನೆ. ಅವನು ಹಟ ಮಾಡುತ್ತಿಲ್ಲ, ಆ ನಲ್ಲಿ ಅವನಿಗೆ ಹೊಸ ಪಾಠ, ಅಷ್ಟೇ. ಇಂಥ ಸಣ್ಣ ವಿಷಯದಲ್ಲಿ ನಿಮಗೆ ಆಸಕ್ತಿ ಹುಟ್ಟಿದರೆ ಧೈರ್ಯವಾಗಿ ಮುಂದುವರಿಯಿರಿ.

ಈಗ ಕಾಲೇಜು. ಬಾಂದ್ರಾ ರಿಕ್ಲಮೇಶನ್‌ನಲ್ಲಿರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಶ್ರವಣ ದೋಷದ ವಿಭಾಗಕ್ಕೆ ಹೆಸರುವಾಸಿ. ಚೆಂಬೂರಿನಲ್ಲಿ ಹಶು ಅಡ್ವಾಣಿ ಕಾಲೇಜಿದೆ. ಹೆಣ್ಣುಮಕ್ಕಳಿಗೆ ಎಸ್‌ಎನ್‌ಡಿಟಿ ವಿಶ್ವವಿದ್ಯಾಲಯದ ಜುಹು ಕ್ಯಾಂಪಸ್ ಇದೆ. ಯಾವುದೇ ಇರಲಿ, ಆರ್‌ಸಿಐ ವೆಬ್‌ಸೈಟಿನಲ್ಲಿ ಆ ಕಾಲೇಜಿನ ಆ ಕೋರ್ಸಿಗೆ, ನೀವು ಸೇರುವ ವರ್ಷಕ್ಕೆ ಮಾನ್ಯತೆ ಇದೆಯಾ ಅಂತ ನೀವೇ ನೋಡಿ. ಸ್ಪೆಷಲ್ ಬಿ.ಎಡ್. ಎರಡು ವರ್ಷದ ಕೋರ್ಸ್, ಆದರೆ 2020ರ ಶಿಕ್ಷಣ ನೀತಿ ಬಂದ ಮೇಲೆ ನಾಲ್ಕು ವರ್ಷದ ಇಂಟಿಗ್ರೇಟೆಡ್ ಕೋರ್ಸಿನ ಕಡೆ ಗಾಳಿ ಬೀಸುತ್ತಿರುವುದರಿಂದ ಕಳೆದ ವರ್ಷ ಸೇರಿದವರ ಮಾತು ಈ ವರ್ಷಕ್ಕೆ ಸರಿಹೋಗದೇ ಇರಬಹುದು. ಡಿಗ್ರಿಯಲ್ಲಿ ಸಾಮಾನ್ಯ ವರ್ಗದವರಿಗೆ 50% ಅಂಕ ಬೇಕು. ಮಹಾರಾಷ್ಟ್ರದ ಬಿ.ಎಡ್. ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಜನರಲ್, ಸ್ಪೆಷಲ್ ಎರಡಕ್ಕೂ ಇದೆ, ಅದರ ಅರ್ಜಿಯ ದಿನಾಂಕ ತಪ್ಪಿಸಿಕೊಳ್ಳಬೇಡಿ.

ನಮ್ಮ ಜನ ಜಾಸ್ತಿ ಒದ್ದಾಡೋದು ಕಾಗದಪತ್ರದಲ್ಲಿ. ಧಾರವಾಡದಲ್ಲೋ ಮಂಗಳೂರಲ್ಲೋ ಓದಿದವರ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು, ಜೊತೆಗೆ ಇನಿಶಿಯಲ್ ಮಾತ್ರ. ಇಲ್ಲಿ ಮಾಡಿಸಿದ ಆಧಾರ್‌ನಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಎಲ್ಲ ಸೇರಿರುತ್ತದೆ. ಮದುವೆಯಾಗಿ ಬಂದವರದ್ದು ಮೂರನೇ ರೀತಿ. ಸಿಇಟಿ ಅರ್ಜಿ ಹಾಕುವ ಮೊದಲೇ ಇದನ್ನು ಒಂದೇ ತರ ಮಾಡಿಸಿಕೊಳ್ಳಿ, ಅಫಿಡವಿಟ್ ಸಾಕೋ ಗೆಜೆಟ್ ಬೇಕೋ ಕಾಲೇಜಿನ ಆಫೀಸಿನಲ್ಲಿ ಕೇಳಿ, ಯಾಕಂದ್ರೆ ಇದೇ ಹೆಸರು ಡಿಗ್ರಿಗೂ ಸಿಆರ್‌ಆರ್‌ಗೂ ಹೋಗುತ್ತದೆ. ಕರ್ನಾಟಕದ ವಿಶ್ವವಿದ್ಯಾಲಯದವರು ಮೈಗ್ರೇಶನ್ ಸರ್ಟಿಫಿಕೇಟ್ ಈಗಲೇ ತರಿಸಿಡಿ. ಮೀಸಲಾತಿ ಕೇಳುವುದಾದರೆ ಮಹಾರಾಷ್ಟ್ರದ ಜಾತಿ ಪ್ರಮಾಣಪತ್ರ ಬೇಕು, ಊರಿನದ್ದು ಇಲ್ಲಿ ನಡೆಯೋದಿಲ್ಲ.

ಕೋರ್ಸಿನಲ್ಲಿ ಓದುವುದಕ್ಕಿಂತ ಮಾಡುವುದು, ಬರೆಯುವುದು ಜಾಸ್ತಿ. ಕೇಸ್ ಸ್ಟಡಿ, ಲೆಸನ್ ಪ್ಲಾನ್, ಪ್ರತಿ ಮಗುವಿಗೂ ಬೇರೆ ಐಇಪಿ, ಅಂದರೆ ಆ ಮಗುವಿಗೆಂದೇ ಮಾಡುವ ಕಲಿಕೆಯ ಯೋಜನೆ. ಐಇಪಿಯಲ್ಲಿ ‘ಓದು ಸುಧಾರಿಸಬೇಕು’ ಅಂತ ಬರೆಯಬೇಡಿ. ‘ಐದು ಚಿತ್ರಗಳಲ್ಲಿ ನಾಲ್ಕಕ್ಕೆ ಸಹಾಯವಿಲ್ಲದೆ ಹೆಸರು ಹೇಳುತ್ತಾಳೆ’ ಅಂತ, ಅಳೆಯೋಕೆ ಆಗುವ ಹಾಗೆ ಬರೆಯಿರಿ. ಬೋಧನಾ ಸಾಮಗ್ರಿಗೆ ಬೇಕಾದ ಚಾರ್ಟ್, ವೆಲ್ಕ್ರೋ, ಮಣಿ ಎಲ್ಲ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಅಬ್ದುಲ್ ರೆಹಮಾನ್ ಸ್ಟ್ರೀಟ್‌ನಲ್ಲಿ ಸಗಟು ದರಕ್ಕೆ ಸಿಗುತ್ತದೆ. ಪ್ರಾಕ್ಟಿಕಲ್‌ಗೆ ಹೋದ ಕಡೆ ಮಕ್ಕಳು ಮರಾಠಿ, ಹಿಂದಿ ಮಾತಾಡುತ್ತಾರೆ, ಅದನ್ನು ಈಗಿನಿಂದಲೇ ರೂಢಿ ಮಾಡಿಕೊಳ್ಳಿ.

ಹಾಗಂತ ನಿಮ್ಮ ಕನ್ನಡ, ತುಳು ವ್ಯರ್ಥ ಅಂದುಕೊಳ್ಳಬೇಡಿ. ಮಗುವಿಗೆ ಆಟಿಸಂ ಅಂತ ಗೊತ್ತಾದ ಕೂಡಲೇ ‘ಮನೆಯಲ್ಲಿ ಬರೀ ಇಂಗ್ಲಿಷ್ ಮಾತಾಡಿ’ ಅಂತ ಯಾರೋ ಹೇಳುತ್ತಾರೆ, ಅಜ್ಜಿ ಬಾಯಿ ಮುಚ್ಚಿಕೊಂಡು ಕೂರುತ್ತಾರೆ. ಎರಡು ಭಾಷೆ ಕೇಳಿ ಬೆಳೆದರೆ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುವುದಿಲ್ಲ ಅಂತ ಸಂಶೋಧನೆಗಳು ತೋರಿಸಿವೆ. ಇದನ್ನು ಆ ಅಜ್ಜಿಗೆ ಅವರದೇ ಮಾತಿನಲ್ಲಿ ಹೇಳುವ ಶಿಕ್ಷಕಿ ಈ ಊರಿನಲ್ಲಿ ಬೇಕೇ ಬೇಕು.

ಫಲಿತಾಂಶ ಬಂದ ಕೂಡಲೇ ಆರ್‌ಸಿಐ ಪೋರ್ಟಲ್‌ನಲ್ಲಿ ಸಿಆರ್‌ಆರ್ ಅರ್ಜಿ ಹಾಕಿ. ಕೆಲಸ ಸಿಕ್ಕ ಮೇಲೆ ನೋಡೋಣ ಅಂತ ಬಿಡಬೇಡಿ, ಸಂದರ್ಶನದಲ್ಲಿ ಮೊದಲು ಕೇಳುವುದೇ ಆ ನಂಬರು. ಸರ್ಕಾರಿ ಶಾಲೆಗೆ ಹೋಗುವವರಿಗೆ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿಯೂ ಬೇಕು. ರಾಜ್ಯದ ಶಾಲೆಗಳಿಗೆ ಮಹಾ ಟಿಇಟಿ, ಕೇಂದ್ರೀಯ ವಿದ್ಯಾಲಯಗಳಿಗೆ ಸಿಟಿಇಟಿ. ಸಿಟಿಇಟಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ, ಒಂದು ಭಾಷೆಯಾಗಿ ಅದನ್ನೇ ತೆಗೆದುಕೊಳ್ಳಿ. 150ಕ್ಕೆ 90 ಬಂದರೆ ಪಾಸ್.

ಕೆಲಸದ ವಿಷಯಕ್ಕೆ ಬಂದರೆ, 2021ರಲ್ಲಿ ಸುಪ್ರೀಂ ಕೋರ್ಟ್ ಎಷ್ಟು ವಿಶೇಷ ಮಕ್ಕಳಿಗೆ ಒಬ್ಬರು ಶಿಕ್ಷಕರು ಅನ್ನೋದನ್ನು ನಿಗದಿ ಮಾಡಿ ಅಂತ ಕೇಂದ್ರ ಸರ್ಕಾರಕ್ಕೆ ಹೇಳಿತು. 2022ರಲ್ಲಿ ಕೇಂದ್ರ ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಅಂತ ನಿಗದಿ ಮಾಡಿತು. 2025ರಲ್ಲಿ ಸುಪ್ರೀಂ ಕೋರ್ಟ್ ಹುದ್ದೆಗಳನ್ನು ಪ್ರಕಟಿಸಿ ಅಂತ ರಾಜ್ಯಗಳಿಗೆ ಆದೇಶ ಕೊಟ್ಟಿತು. ಜಾಹೀರಾತುಗಳ ಮೇಲೆ ಕಣ್ಣಿಟ್ಟಿರಿ. ಅಷ್ಟರೊಳಗೆ ಖಾಸಗಿ ಶಾಲೆಯ ರಿಸೋರ್ಸ್ ರೂಮಿನಲ್ಲಿ (ವಿಶೇಷ ಮಕ್ಕಳಿಗೆ ಬೇರೆಯಾಗಿ ಕಲಿಸುವ ಕೋಣೆ) ಕೆಲಸಕ್ಕೆ ಸೇರಿದರೆ ಅನುಭವ ಸಿಗುತ್ತದೆ, ಆದರೆ ಸೇರುವ ಮುಂಚೆ ಎಷ್ಟು ಮಕ್ಕಳನ್ನು ನೋಡಬೇಕು, ಐಇಪಿ ಬರೆಯೋಕೆ ಸಮಯ ಕೊಡುತ್ತಾರಾ ಅಂತ ಕೇಳಿ ಲಿಖಿತವಾಗಿ ತೆಗೆದುಕೊಳ್ಳಿ. ಸಿಆರ್‌ಆರ್ ಅನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಸಿಆರ್‌ಇ, ಅಂದರೆ ಕೆಲಸದಲ್ಲಿರುವವರಿಗೆ ನಡೆಸುವ ಮುಂದುವರಿದ ತರಬೇತಿಯ ಕಾರ್ಯಾಗಾರಗಳ ಅಂಕ ಬೇಕು. ಮೊದಲ ವರ್ಷದಿಂದಲೇ ಕಾರ್ಯಾಗಾರಗಳಿಗೆ ಹೋಗಿ, ಪ್ರಮಾಣಪತ್ರಗಳನ್ನೆಲ್ಲ ಒಂದೇ ಫೈಲಿನಲ್ಲಿ ಇಡಿ.